ಹೊಸ್ತಿಲ ಹೊರಗಣ ರಂಗ: ಸಿದ್ಧಪ್ಪಾಜಿಯ ಬದುಕು ಮತ್ತು ನೀಲಗಾರರ ಕಥನ ಪರಂಪರೆ

ಹಳೆಯ ಮೈಸೂರು ಸೀಮೆಯ ರಂಗಭೂಮಿಯ ಚರಿತ್ರೆಯನ್ನು ಬರೆಯುವಾಗ ಎರಡು ನೆಲೆಗಳಿಂದ ಆರಂಭಿಸುವುದು ರೂಢಿಯಾಗಿದೆ. ಒಂದು, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ರೂಪುಗೊಂಡ ನಾಟಕ ಸಭೆ ಮತ್ತು ಬಸವಪ್ಪಶಾಸ್ತ್ರಿಗಳಂತಹ ಪಂಡಿತರ ಅನುವಾದಗಳು. ಮತ್ತೊಂದು, 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಮಂಡಳಿಯಿಂದ ಮೊದಲ್ಗೊಂಡು ಊರೂರು ಸುತ್ತಿದ ವೃತ್ತಿ ಕಂಪನಿಗಳು. ಇವುಗಳ ಜೊತೆಗೆ ಮೂಡಲಪಾಯದ ಬಯಲಾಟವನ್ನೂ ಹಾರ್ಮೋನಿಯಂ ಮೇಷ್ಟರ ನೆರವಿನಿಂದ ಹಳ್ಳಿಗರು ಕಟ್ಟುವ ಪೌರಾಣಿಕ ನಾಟಕಗಳನ್ನೂ ಸೇರಿಸಿಕೊಂಡರೆ ಚಿತ್ರ ಪೂರ್ಣವಾಯಿತೆಂಬ ಭಾವನೆ ಇದೆ. ಆದರೆ ಅರಮನೆ, ಕಂಪನಿ, ಗುಡಿ, ಊರಿನ ಚಾವಡಿ ಇವುಗಳಲ್ಲಿ ಯಾವುದರ ಹಂಗೂ ಇಲ್ಲದೆ, ಊರು ಮತ್ತು ಕೇರಿ ಎಂದು ಎರಡಾಗಿ ಸೀಳಿದ ಸಮಾಜದ ಅಂಚಿನಲ್ಲಿ ನಿಂತು, ಇಡೀ ರಾತ್ರಿ ಕಥೆಯನ್ನು ಹಾಡಿ, ಆಡಿ ತೋರಿಸುತ್ತ ಬಂದ ಮತ್ತೊಂದು ರಂಗವಿದೆ. ಅದು ಮಂಟೇಸ್ವಾಮಿ ಪರಂಪರೆಯ ನೀಲಗಾರರ ರಂಗ. ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ನೆಲದಲ್ಲಿ ಬೇರುಬಿಟ್ಟಿರುವ ಈ ರಂಗಕ್ಕೆ ಆದಿಪುರುಷನೊಬ್ಬನಿದ್ದಾನೆ. ಅವನೇ ಘನನೀಲಿ ಸಿದ್ಧಪ್ಪಾಜಿ. ನೀಲಗಾರ ಎಂಬ ಹೆಸರನ್ನು ಈ ಬಿರುದಿನೊಡನೆ ಸಂಬಂಧಿಸಿ ವಿವರಿಸುವುದುಂಟು.

ಸಿದ್ಧಪ್ಪಾಜಿಯ ಬದುಕನ್ನು ತಿಳಿಯಲು ಇರುವ ಮುಖ್ಯ ಆಕರ ಮಂಟೇಸ್ವಾಮಿ ಕಾವ್ಯವೇ. ಈ ಗುರುಪರಂಪರೆಯನ್ನು ವಿದ್ವಾಂಸರು ಸಾಮಾನ್ಯವಾಗಿ 15-16ನೆಯ ಶತಮಾನಗಳಿಗೆ ಸೇರಿಸುತ್ತಾರೆ. ಹಾಡುಗಾರರಿಂದ ಹಾಡುಗಾರರಿಗೆ ಕಾವ್ಯದ ವಿವರಗಳು ಬದಲಾಗುತ್ತವೆಯಾದರೂ ಕಥೆಯ ಬೆನ್ನೆಲುಬು ಒಂದೇ ಆಗಿದೆ. ಆದ್ದರಿಂದ ಈ ಬದುಕನ್ನು ಜನಸಮುದಾಯವೊಂದು ತನ್ನ ನೆನಪಿನಲ್ಲಿ ಕಾಪಾಡಿಕೊಂಡ ಚರಿತ್ರೆಯೆಂದು ಓದಬೇಕಾಗುತ್ತದೆ. ಹಾಗೆ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಿದ್ಧಪ್ಪಾಜಿಯ ಜೀವನದ ಪ್ರಮುಖ ಘಟನೆಗಳೆಲ್ಲ ಯಾವುದಾದರೊಂದು ಬಾಗಿಲ ಮುಂದೆ ನಡೆಯುತ್ತವೆ. ನೀಲಗಾರರ ಪ್ರದರ್ಶನವು ತನ್ನ ಸ್ವರೂಪವನ್ನೂ ಅಧಿಕಾರವನ್ನೂ ಪಡೆದುಕೊಂಡಿರುವುದು ಈ ಬಾಗಿಲುಗಳಿಂದಲೇ.

ಮೊದಲ ಬಾಗಿಲು ಸಿದ್ಧಪ್ಪಾಜಿಯದಲ್ಲ, ಅವನ ಗುರುವಿನದು. ಕಾವ್ಯದ ಕಲ್ಯಾಣದ ಸಾಲಿನಲ್ಲಿ ಧರೆಗೆ ದೊಡ್ಡವರೆಂದು ಕರೆಸಿಕೊಳ್ಳುವ ಮಂಟೇಸ್ವಾಮಿಯು ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ. ಅಲ್ಲಿನ ಅಸಂಖ್ಯ ಜಂಗಮರಲ್ಲಿ ನಿಜವಾದ ಶರಣರು ಎಷ್ಟು ಮಂದಿಯೆಂದು ತಿಳಿಯುವುದು ಅವನ ಉದ್ದೇಶ. ಅದಕ್ಕಾಗಿ ಅವನು ಧರಿಸುವುದು ಅಸ್ಪೃಶ್ಯನ ವೇಷ. ಮೈತುಂಬ ಹುಣ್ಣು, ಹರಕು ಬಟ್ಟೆ, ಸತ್ತ ಕರುವಿನ ದುರ್ನಾತ. ಸಮಾನತೆಯನ್ನು ಸಾರಿದ ಪಟ್ಟಣದ ಬಾಗಿಲಲ್ಲಿಯೇ ಕಾವಲುಗಾರರು ಅವನನ್ನು ತಡೆಯುತ್ತಾರೆ. ಅವನು ತಿಪ್ಪೆಯ ಮೇಲೆ ಉಳಿಯುತ್ತಾನೆ. ಕೊನೆಗೆ ಬಸವಣ್ಣ ಮತ್ತು ನೀಲಮ್ಮ ಅವನನ್ನು ಗುರುತಿಸುತ್ತಾರೆ. ವೇಷಧಾರಿ ಜಂಗಮರು ದುರ್ನಾತವನ್ನು ತಾಳಲಾರದೆ ಓಡಿಹೋಗುತ್ತಾರೆ. ಶೂನ್ಯಸಂಪಾದನೆಗಳು ಕಟ್ಟಿಕೊಟ್ಟ ಕಲ್ಯಾಣಕ್ಕಿಂತ ಇದು ಬೇರೆಯೇ ಆದ ಕಲ್ಯಾಣ. ವಚನ ಚಳುವಳಿಯ ಆಶಯಗಳನ್ನು ಇಲ್ಲಿ ನಿರಾಕರಿಸಲಾಗಿಲ್ಲ. ಆ ಆಶಯಗಳು ಬಾಗಿಲ ಹೊರಗೆ ನಿಂತವನ ಪಾಲಿಗೆ ಎಷ್ಟರ ಮಟ್ಟಿಗೆ ನಿಜವಾದವೆಂಬ ಪರಿಶೀಲನೆ ನಡೆದಿದೆ. ಕಾವ್ಯವು ಮಂಟೇಸ್ವಾಮಿಯನ್ನು ಅಲ್ಲಮಪ್ರಭುವಿನೊಡನೆ ಅಭೇದವಾಗಿ ಕಾಣುವುದಕ್ಕೂ ಈ ಪರಿಶೀಲನೆಯ ಗುಣವೇ ಕಾರಣವೆನ್ನಬಹುದು.

ಕಲ್ಯಾಣವನ್ನು ಬಿಟ್ಟ ಗುರು ದಕ್ಷಿಣಕ್ಕೆ ಬರುತ್ತಾನೆ. ರಾಚಪ್ಪಾಜಿ, ಚನ್ನಾಜಮ್ಮ, ದೊಡ್ಡಮ್ಮತಾಯಿ ಮೊದಲಾದವರು ಅವನ ಪರಿವಾರವಾಗುತ್ತಾರೆ. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರ ಅವರ ನೆಲೆಯಾಗುತ್ತದೆ. ಇಂದು ಬಿ.ಜಿ. ಪುರವೆಂದು ಬಳಕೆಯಲ್ಲಿರುವ ಊರು ಇದೇ. ಈ ಹಂತದಲ್ಲಿ ಗುರುವಿಗೆ ಒಬ್ಬ ಶಿಶುಮಗ ಬೇಕಾಗುತ್ತಾನೆ. ಅವನ ದೃಷ್ಟಿ ಬೀಳುವುದು ಮದ್ದೂರು ಸೀಮೆಯ ನಿಡುಘಟ್ಟದ ಪಾಂಚಾಳ ಮನೆತನದ ಹುಡುಗನಾದ ಕೆಂಪಾಚಾರಿಯ ಮೇಲೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮದ್ದೂರಿಗೆ ಮುನ್ನ ಸಿಗುವ ನಿಡುಘಟ್ಟವೇ ಸಿದ್ಧಪ್ಪಾಜಿಯ ಹುಟ್ಟೂರೆಂದು ನೀಲಗಾರರು ಹಾಡುತ್ತಾರೆ.

ಕೆಂಪಾಚಾರಿಯ ಹುಟ್ಟು ಪಾಂಚಾಳ ಕುಲದಲ್ಲಿ ಎಂಬುದನ್ನು ಸಾಮಾಜಿಕ ಚರಿತ್ರೆಯ ಹಿನ್ನೆಲೆಯಲ್ಲಿ ನೋಡುವುದು ಅಗತ್ಯ. ಹಳೆಯ ಮೈಸೂರಿನ ಜಾತಿಗಳು ಬಲಗೈ ಮತ್ತು ಎಡಗೈ ಎಂಬ ಎರಡು ಪಣಗಳಾಗಿ ಹಂಚಿಹೋಗಿದ್ದವು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಹಂಚಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಎಡಗೈ ಪಣದ ಮುಂದಾಳುಗಳು ಪಾಂಚಾಳರು, ಅದರ ಕೊನೆಯಲ್ಲಿದ್ದವರು ಮಾದಿಗರು. ಬಲಗೈ ಪಣದ ಮುಂದಾಳುಗಳು ಬಣಜಿಗರು, ಅದರ ಕೊನೆಯಲ್ಲಿದ್ದವರು ಹೊಲೆಯರು. ಪಾಂಚಾಳರು ಕುಲಗೌರವದ ವಿಷಯದಲ್ಲಿ ಅತ್ಯಂತ ನಿಷ್ಠುರರಾಗಿದ್ದ ಕುಶಲಕರ್ಮಿಗಳು. ಅವರ ಕುಲದಲ್ಲಿ ಹುಟ್ಟಿದ ಹುಡುಗನೊಬ್ಬ ಬಹುಸಂಖ್ಯೆಯಲ್ಲಿ ಬಲಗೈ ಹೊಲೆಯರಾದ ಹಾಡುಗಾರರ ಆದಿಗುರುವಾದನೆಂಬುದು ಸಾಧಾರಣ ಸಂಗತಿಯಲ್ಲ. ಊರು-ಕೇರಿಗಳ ಗೆರೆಯ ಜೊತೆಗೆ ಬಲಗೈ-ಎಡಗೈಗಳ ಗೆರೆಯನ್ನೂ ಈ ಬದುಕು ದಾಟಿದೆ.

ಈ ದಾಟುವಿಕೆಯನ್ನು ಕಾವ್ಯವು ಸುಲಭದ್ದೆಂದು ಚಿತ್ರಿಸುವುದಿಲ್ಲ. ಗುರು ನಿಡುಘಟ್ಟದ ಮನೆಯ ಬಾಗಿಲಿಗೆ ಬಂದು ಮಗನನ್ನೇ ಭಿಕ್ಷೆಯಾಗಿ ಬೇಡುತ್ತಾನೆ. ತಂದೆತಾಯಿಗಳು ಬೇರೇನನ್ನಾದರೂ ಕೊಡಲು ಸಿದ್ಧರಿದ್ದಾರೆ, ಮಗನನ್ನು ಕೊಡಲಾರರು. ಕುಲ ಗೊತ್ತಿಲ್ಲದ, ರೂಪದಲ್ಲಿ ಹೇಸಿಗೆ ಹುಟ್ಟಿಸುವ ಬೇಡುವವನೊಬ್ಬನ ಹಿಂದೆ ತಮ್ಮ ಮಗ ಹೋಗುವುದೆಂದರೆ ಅವರ ಪಾಲಿಗೆ ಅದು ಮಗನ ಸಾವು, ಕುಲದ ಅವಮಾನ. ಅವರ ನಿರಾಕರಣೆ ಆ ಮನೆಗೆ ಕಷ್ಟಗಳನ್ನು ತರುತ್ತದೆ. ಹುಡುಗ ರೋಗಕ್ಕೆ, ಯಾತನೆಗೆ ಗುರಿಯಾಗುತ್ತಾನೆ. ಕೊನೆಗೆ ಹೆತ್ತವರು ಕೈಬಿಟ್ಟ ಮಗನನ್ನು ಗುರು ತನ್ನವನನ್ನಾಗಿ ಮಾಡಿಕೊಳ್ಳುತ್ತಾನೆ. ಈ ಭಾಗದಲ್ಲಿ ಹಾಡುಗಾರರು ತಾಯಿಯ ಅಳಲನ್ನು ಮೊಟಕುಗೊಳಿಸುವುದಿಲ್ಲ. ಗುರುವಿನ ಪಕ್ಷದವರಾಗಿದ್ದೂ ನೀಲಗಾರರು ಆ ಹೆತ್ತ ಕರುಳಿನ ಪರವಾಗಿ ದೀರ್ಘವಾಗಿ ಹಾಡುತ್ತಾರೆ. ಗುರುವಿನ ಕ್ರೌರ್ಯವನ್ನು ಮರೆಮಾಚದಿರುವುದು ಈ ಕಾವ್ಯದ ದೊಡ್ಡ ಗುಣಗಳಲ್ಲಿ ಒಂದು. ಜಾತಿಯನ್ನು ಬಿಡುವುದೆಂದರೆ ಒಂದು ಅಭಿಪ್ರಾಯವನ್ನು ಬದಲಿಸಿದಂತಲ್ಲ, ಚರ್ಮವನ್ನೇ ಸುಲಿದುಕೊಂಡಂತೆ ಎಂಬ ಅರಿವು ಅಲ್ಲಿದೆ.

ಗುರುಮನೆಯಲ್ಲಿ ಕೆಂಪಾಚಾರಿಯ ಶಿಕ್ಷಣವೂ ಕಠಿಣವಾದದ್ದೇ. ಸೇವೆ, ಹಸಿವು, ಏಕಾಂತಗಳ ಮೂಲಕ ಅವನು ಹಳೆಯ ಹೆಸರನ್ನು ಕಳೆದುಕೊಂಡು ಸಿದ್ಧನಾಗುತ್ತಾನೆ. ಇಲ್ಲಿ ಗ್ರಂಥಪಾಠವಿಲ್ಲ, ಮಂತ್ರೋಪದೇಶಕ್ಕೆ ಪ್ರಾಧಾನ್ಯವಿಲ್ಲ. ದೇಹವನ್ನು ಪಳಗಿಸುವುದೇ ದೀಕ್ಷೆ. ಪರಂಪರೆಯ ಲಾಂಛನವಾದ ಕಂಡಾಯ, ಭಿಕ್ಷೆಯ ಜೋಳಿಗೆ, ಕೈಯ ಬೆತ್ತ ಇವು ಈ ಪಂಥದ ಶಾಸ್ತ್ರಗಳು. ಅಕ್ಷರದಿಂದ ಹೊರಗಿಟ್ಟ ಸಮುದಾಯಗಳಿಗೆ ದೇಹ, ನೆನಪು ಮತ್ತು ಕಂಠಗಳೇ ವಿದ್ಯೆಯ ಭಂಡಾರವಾಗಿದ್ದವೆಂಬ ಅಂಶವು ಸಿದ್ಧಪ್ಪಾಜಿಯ ಶಿಕ್ಷಣದ ವಿವರಗಳಲ್ಲಿ ಪ್ರತಿಫಲಿಸಿದೆ.

ಸಿದ್ಧಪ್ಪಾಜಿಯ ಬದುಕಿನ ನಡುಗಂಬ ಹಲಗೂರಿನ ಸಾಲು. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಹಲಗೂರು ಕಾವ್ಯದ ಪ್ರಕಾರ ಪಾಂಚಾಳರ ಊರು, ಕಬ್ಬಿಣದ ಊರು. ಗುರುವಿನ ಕಾರ್ಯಕ್ಕೆ ಕಬ್ಬಿಣ ಬೇಕಾಗುತ್ತದೆ. ಅದನ್ನು ಭಿಕ್ಷೆ ಬೇಡಿ ತರಲು ಗುರು ಆರಿಸುವುದು ಸಿದ್ಧಪ್ಪಾಜಿಯನ್ನೇ. ಈ ಆಯ್ಕೆಯಲ್ಲಿ ಒಂದು ನಿಷ್ಠುರವಾದ ಔಚಿತ್ಯವಿದೆ. ತನ್ನ ಕುಲವನ್ನು ಬಿಟ್ಟು ಬಂದವನು ತನ್ನ ಕುಲದವರ ಬಾಗಿಲಿಗೇ ಹೋಗಿ, ಅವರ ಕೈಕಸುಬಿನ ಮೂಲದ್ರವ್ಯವನ್ನೇ ಬೇಡಬೇಕು. ಅನ್ಯರ ಮುಂದೆ ಬೇಡುವುದಕ್ಕಿಂತ ತನ್ನವರ ಮುಂದೆ ಅನ್ಯನಾಗಿ ನಿಲ್ಲುವುದು ಕಷ್ಟದ ಕೆಲಸ.

ಹಲಗೂರಿನ ಪಾಂಚಾಳರು ಮೊದಲಿಗೆ ತಮ್ಮಲ್ಲಿ ಕಬ್ಬಿಣವಿಲ್ಲವೆಂದು ಸುಳ್ಳಾಡುತ್ತಾರೆ. ಬಂದವನು ಬಾಗಿಲು ಬಿಟ್ಟು ಕದಲದಿದ್ದಾಗ ಅವನನ್ನು ಪರೀಕ್ಷೆಗೆ ಒಡ್ಡುತ್ತಾರೆ. ವಿಷ, ಬೆಂಕಿ, ಕಾದ ಕಬ್ಬಿಣ ಹೀಗೆ ಒಂದಾದ ಮೇಲೊಂದು ಪವಾಡಗಳನ್ನು ಗೆಲ್ಲಬೇಕೆಂಬ ಷರತ್ತು ಹಾಕುತ್ತಾರೆ. ಪಾಠದಿಂದ ಪಾಠಕ್ಕೆ ಈ ಪರೀಕ್ಷೆಗಳ ಕ್ರಮ ಬೇರೆಯಾದರೂ ಅವೆಲ್ಲವೂ ನಡೆಯುವುದು ಬಹಿರಂಗವಾಗಿ, ಊರವರೆಲ್ಲ ಸುತ್ತ ನೆರೆದು ನೋಡುತ್ತಿರುವಾಗ. ರಂಗಚರಿತ್ರೆಯ ದೃಷ್ಟಿಯಿಂದ ಈ ಅಂಶ ಮಹತ್ವದ್ದು. ಒಬ್ಬ ವ್ಯಕ್ತಿ, ಸುತ್ತ ನೆರೆದ ಅವಿಶ್ವಾಸದ ಸಭೆ, ನಡುವೆ ಒಂದು ಬಯಲು, ಪಣಕ್ಕಿಟ್ಟ ದೇಹ. ರಂಗಕ್ರಿಯೆಗೆ ಬೇಕಾದ ಅಂಗಗಳೆಲ್ಲ ಇಲ್ಲಿ ಕೂಡಿಬಂದಿವೆ. ನೋಡುಗರು ಮೆಚ್ಚಲು ಬಂದವರಲ್ಲ, ಸೋಲಿಸಲು ಬಂದವರು. ಅವರ ನೋಟವನ್ನು ಎದುರಿಸಿ ನಿಲ್ಲುವುದೇ ಸಿದ್ಧಪ್ಪಾಜಿಯ ಪವಾಡ. ಕೊನೆಗೆ ಪಾಂಚಾಳರ ಗರ್ವ ಮುರಿಯುತ್ತದೆ, ಕಬ್ಬಿಣ ಗುರುಮನೆಗೆ ಸಲ್ಲುತ್ತದೆ. ಇಂದಿಗೂ ನೀಲಗಾರರ ಪ್ರದರ್ಶನದಲ್ಲಿ ಕೇಳುಗರು ಹೆಚ್ಚಾಗಿ ಅಪೇಕ್ಷಿಸುವ ಭಾಗಗಳಲ್ಲಿ ಹಲಗೂರಿನ ಸಾಲು ಒಂದಾಗಿರುವುದು ಸಹಜವೇ ಆಗಿದೆ.

ಗುರು ಬೊಪ್ಪೇಗೌಡನಪುರದಲ್ಲಿ ಪಾತಾಳ ಸೇರಿ ಐಕ್ಯನಾದ ಮೇಲೆ ಶಿಶುಮಕ್ಕಳ ನಡುವೆ ನೆಲೆಗಳು ಹಂಚಿಕೆಯಾಗುತ್ತವೆ. ಕಾವೇರಿಯ ದಡದಲ್ಲಿ, ಕೃಷ್ಣರಾಜನಗರ ಸೀಮೆಯಲ್ಲಿರುವ ಕಪ್ಪಡಿ ರಾಚಪ್ಪಾಜಿ ಹಾಗೂ ಚನ್ನಾಜಮ್ಮನವರ ಕ್ಷೇತ್ರವಾಗುತ್ತದೆ. ಸಿದ್ಧಪ್ಪಾಜಿ ಕಾವೇರಿಯನ್ನು ದಾಟಿ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ನೆಲೆಗೊಳ್ಳುತ್ತಾನೆ. ಅವನ ಗದ್ದುಗೆ ಇರುವುದು ಅಲ್ಲಿಯೇ. ಹುಟ್ಟಿದ ನಿಡುಘಟ್ಟ, ರೂಪುಗೊಂಡ ಬೊಪ್ಪೇಗೌಡನಪುರ, ಪರೀಕ್ಷೆಗೊಳಗಾದ ಹಲಗೂರು, ನೆಲೆನಿಂತ ಚಿಕ್ಕಲ್ಲೂರು ಇವುಗಳನ್ನು ಸೇರಿಸಿದರೆ ದೊರೆಯುವ ದಾರಿಯೇ ನೀಲಗಾರರ ಸಂಚಾರದ ದಾರಿಯೂ ಹೌದು. ಕಾವ್ಯದ ಇನ್ನೊಂದು ಸಾಲು ಮಂಡ್ಯ ಸೀಮೆಯ ಕಾರಸವಾಡಿಯ ಮಹದೇವಮ್ಮನ ಕಥೆಯನ್ನು ಹೇಳುವುದರಿಂದ ಈ ಭೂಪಟ ಮಂಡ್ಯದ ಬಯಲಿಗೂ ಚಾಚಿಕೊಂಡಿದೆ. ಕೊಳ್ಳೇಗಾಲ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಳವಳ್ಳಿ ಮೈಸೂರು ಸಂಸ್ಥಾನದಲ್ಲಿತ್ತು. ಎರಡು ಪ್ರಭುತ್ವಗಳ ಗಡಿಯನ್ನು ಲೆಕ್ಕಿಸದೆ ಹಾಡುಗಾರರು ನದಿಯನ್ನು ದಾಟುತ್ತಿದ್ದರು. ಯಾವುದೇ ಆಸ್ಥಾನದ ಪೋಷಣೆಯಲ್ಲಿ ಇಲ್ಲದ ಕಲೆಗೆ ಆಸ್ಥಾನದ ಗಡಿಯೂ ಅನ್ವಯಿಸಲಿಲ್ಲ.

ಸಿದ್ಧಪ್ಪಾಜಿಯ ಬದುಕು ಹೀಗೆ ಮುಗಿದಲ್ಲಿಂದ ನೀಲಗಾರನ ಬದುಕು ಆರಂಭವಾಗುತ್ತದೆ. ನೀಲಗಾರನಾಗುವುದಕ್ಕೆ ಹುಟ್ಟು ಮಾನದಂಡವಲ್ಲ, ದೀಕ್ಷೆ ಮಾನದಂಡ. ಹರಕೆ ಹೊತ್ತ ಮನೆಯವರು ಮಗನನ್ನು ಗುರುಮನೆಗೆ ಒಪ್ಪಿಸಿ ದೀಕ್ಷೆ ಕೊಡಿಸುತ್ತಾರೆ. ಹೊಲೆಯರ ಸಂಖ್ಯೆ ಅಧಿಕವಾಗಿದ್ದರೂ ಉಪ್ಪಾರ, ಪರಿವಾರ, ಬೆಸ್ತ, ಒಕ್ಕಲಿಗ ಮೊದಲಾದ ಸಮುದಾಯಗಳಿಂದಲೂ ನೀಲಗಾರರು ಬಂದಿದ್ದಾರೆ. ಮುಖ್ಯ ಹಾಡುಗಾರನ ಒಂದು ಕೈಯಲ್ಲಿ ತಂಬೂರಿ, ಮತ್ತೊಂದು ಕೈಯಲ್ಲಿ ಗಗ್ಗರ. ಜೊತೆಯಲ್ಲಿ ದಮ್ಮಡಿ, ತಾಳಗಳನ್ನು ಹಿಡಿದ ಹಿಮ್ಮೇಳ. ಕಥೆ ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಹೊರಳುತ್ತ ಸಾಗುತ್ತದೆ. ಮಾತಿನ ಭಾಗದಲ್ಲಿ ಹಾಡುಗಾರ ಪಾತ್ರವಾಗುತ್ತಾನೆ. ಒಂದು ಕ್ಷಣ ಗುರು, ಮರುಕ್ಷಣ ಮಗನನ್ನು ಕೊಡಲೊಲ್ಲದ ತಾಯಿ, ಮತ್ತೊಂದು ಕ್ಷಣ ಹಲಗೂರಿನ ಪಾಂಚಾಳ. ಹಿಮ್ಮೇಳದವರು ಪ್ರಶ್ನಿಸುತ್ತಾರೆ, ಒಪ್ಪುತ್ತಾರೆ, ಅಚ್ಚರಿಪಡುತ್ತಾರೆ. ಬಣ್ಣವಿಲ್ಲ, ತೆರೆಯಿಲ್ಲ, ಎತ್ತರದ ವೇದಿಕೆಯಿಲ್ಲ.

ಇಲ್ಲಿ ಜಾತಿ ಮತ್ತು ಪಾತ್ರಗಳ ಸಂಬಂಧವನ್ನು ಗಮನಿಸಬೇಕು. ಮೂಡಲಪಾಯದಲ್ಲಾಗಲಿ ಹಳ್ಳಿಯ ಪೌರಾಣಿಕ ನಾಟಕದಲ್ಲಾಗಲಿ ರಾಜ, ದೇವತೆ, ಋಷಿಗಳ ಪಾತ್ರಗಳು ಕಿರೀಟ, ಭುಜಕೀರ್ತಿಗಳ ಬಲದಿಂದ ನಿಲ್ಲುತ್ತವೆ. ನೀಲಗಾರನಿಗೆ ಆ ಬಲವಿಲ್ಲ. ಊರಿನವರು ಮುಟ್ಟದ ಮನುಷ್ಯನೊಬ್ಬ ಯಾವ ವೇಷದ ನೆರವೂ ಇಲ್ಲದೆ ಬಸವಣ್ಣನಾಗಿ ಮಾತನಾಡುತ್ತಾನೆ. ಊರಿನವರು ಕೈಮುಗಿದು ಕೇಳುತ್ತಾರೆ. ಅವನು ಕುಳಿತ ಜಾಗ ಯಾವುದು, ಅವರು ಕುಳಿತ ಜಾಗ ಯಾವುದು ಎಂಬುದು ಆ ರಾತ್ರಿ ಹಿಂದೆ ಸರಿದು, ಕಥೆ ಮುಂದೆ ಬರುತ್ತದೆ. ಅದೇ ಕಥೆಯಲ್ಲಿ ಬಾಗಿಲ ಹೊರಗೆ ತಡೆಯಲ್ಪಟ್ಟವನೇ ಜಗತ್ತಿಗೆ ಗುರುವೆಂದು ಸಾಬೀತಾಗುತ್ತದೆ. ಕಲ್ಯಾಣದ ಕಾವಲುಗಾರರ ಸ್ಥಾನದಲ್ಲಿ ತಾವಿದ್ದೇವೆಂಬ ಅರಿವು ಕೇಳುಗರಲ್ಲಿ ಮೂಡುವಂತೆ ಮಾಡುವುದು ಈ ರಂಗದ ಸಾಧನೆ. ನೇರವಾದ ಖಂಡನೆ ಅಸಾಧ್ಯವಾಗಿದ್ದ ಸಮಾಜದಲ್ಲಿ ಕಥನವೇ ಖಂಡನೆಯ ಕೆಲಸವನ್ನು ಮಾಡಿದೆ.

ಈ ರಂಗದ ಆರ್ಥಿಕ ತಳಹದಿಯೂ ಸಿದ್ಧಪ್ಪಾಜಿಯ ಬದುಕಿನಿಂದಲೇ ಬಂದದ್ದು. ನೀಲಗಾರ ಮನೆಮನೆಯ ಮುಂದೆ ತಂಬೂರಿ ಹಿಡಿದು ನಿಂತು ಪಡೆಯುವ ಭಿಕ್ಷೆ, ಜಾತ್ರೆಯ ಕಾಣಿಕೆ, ತಿಥಿ ಮೊದಲಾದ ಸಂದರ್ಭಗಳಲ್ಲಿ ರಾತ್ರಿಯಿಡೀ ಹಾಡಿದ್ದಕ್ಕೆ ಸಲ್ಲುವ ಗೌರವ ಇವು ಅದರ ಆದಾಯ. ಆಧುನಿಕ ದೃಷ್ಟಿಗೆ ಭಿಕ್ಷೆ ಹೀನಾಯವಾಗಿ ಕಾಣುತ್ತದೆ. ಪರಂಪರೆಯ ಒಳಗೆ ಅದಕ್ಕೆ ಬೇರೆಯ ಅರ್ಥವಿದೆ. ಹಲಗೂರಿನಲ್ಲಿ ಸಿದ್ಧಪ್ಪಾಜಿ ನಿಂತಂತೆ ನೀಲಗಾರ ನಿಂತಿರುತ್ತಾನೆ. ಪರೀಕ್ಷೆ ಬೇಡುವವನಿಗಲ್ಲ, ಬಾಗಿಲ ಒಳಗಿರುವವನಿಗೆ. ಕೊಡುವವನೇ ತನ್ನ ಯೋಗ್ಯತೆಯನ್ನು ತೋರಿಸಬೇಕಾದ ಈ ತಿರುವು ಕೇರಿಯ ಹಾಡುಗಾರನಿಗೆ ಕಥೆಯು ಒದಗಿಸಿದ ರಕ್ಷಾಕವಚ.

ಇದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯ ಉದಾಹರಣೆಯೊಡನೆ ಹೋಲಿಸಿದಾಗ ಈ ಪರಂಪರೆಯ ಸ್ವಾತಂತ್ರ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೇಲುಕೋಟೆಯ ಚೆಲುವನಾರಾಯಣ ದೇವಾಲಯದಲ್ಲಿ ರಾಮಾನುಜರ ಕಾಲದ್ದೆಂದು ಹೇಳುವ ಸಂಪ್ರದಾಯದಂತೆ ತಿರುಕುಲದವರೆಂದು ಕರೆಸಿಕೊಂಡ ಅಸ್ಪೃಶ್ಯರಿಗೆ ವರ್ಷದಲ್ಲಿ ಮೂರು ದಿನ ಪ್ರವೇಶವಿತ್ತು. ಅದು ಆ ಕಾಲಕ್ಕೆ ದೊಡ್ಡ ಔದಾರ್ಯವೇ. ಆದರೆ ಔದಾರ್ಯವು ಬಾಗಿಲ ಒಳಗಿರುವವರದು, ದಿನಗಳ ಎಣಿಕೆಯೂ ಅವರದೇ. ಚಿಕ್ಕಲ್ಲೂರಿನಲ್ಲಿ ಬಾಗಿಲನ್ನು ತೆರೆಯಿರೆಂದು ಕೇಳುವ ಪ್ರಶ್ನೆಯೇ ಇಲ್ಲ. ಕ್ಷೇತ್ರವೇ ಹೊರಗಿನವರದು. ಬನದ ಹುಣ್ಣಿಮೆಯಂದು ಆರಂಭವಾಗುವ ಐದು ದಿನಗಳ ಜಾತ್ರೆಯಲ್ಲಿ ಮೊದಲು ಚಂದ್ರಮಂಡಲ. ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಹಚ್ಚುವ ಈ ಜ್ಯೋತಿ ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತದೆಯೋ ಆ ದಿಕ್ಕಿಗೆ ಮಳೆಬೆಳೆ ಸಮೃದ್ಧವೆಂಬ ನಂಬಿಕೆಯಿದೆ. ಮುಂದಿನ ದಿನಗಳಲ್ಲಿ ನಡೆಯುವ ಪಂಕ್ತಿಸೇವೆಯಲ್ಲಿ ಭಕ್ತರು ತಾವು ಬೀಡುಬಿಟ್ಟ ಜಾಗದಲ್ಲೇ ಅಡುಗೆ ಮಾಡಿ, ಬೇರೆ ಬೇರೆ ಜಾತಿಗಳವರು ಒಂದೇ ಸಾಲಿನಲ್ಲಿ ಕುಳಿತು ಮಾಂಸದ ಊಟ ಮಾಡುತ್ತಾರೆ. ಸುತ್ತಲೂ ನೀಲಗಾರರ ತಂಬೂರಿ ನುಡಿಯುತ್ತಿರುತ್ತದೆ. 2010ರ ದಶಕದಲ್ಲಿ ಪ್ರಾಣಿಬಲಿ ನಿಷೇಧ ಕಾಯಿದೆಯ ಅನ್ವಯ ಜಿಲ್ಲಾಡಳಿತ ಇಲ್ಲಿ ನಿರ್ಬಂಧ ವಿಧಿಸಿದಾಗ, ಇದು ಬಲಿಯಲ್ಲ, ಸಹಪಂಕ್ತಿಯ ಊಟವೆಂದು ಪರಂಪರೆಯ ಒಕ್ಕಲುಗಳು ವಾದಿಸಿದರು. ಯಾರ ಊಟ ಪವಿತ್ರ, ಯಾರದು ಅಪವಿತ್ರವೆಂಬ ಪ್ರಶ್ನೆ ಕಲ್ಯಾಣದ ಬಾಗಿಲಲ್ಲಿ ಎದ್ದ ಪ್ರಶ್ನೆಗಿಂತ ಭಿನ್ನವಾದುದಲ್ಲ.

ಇಷ್ಟಾದರೂ ಈ ಪರಂಪರೆಯನ್ನು ಕೇವಲ ಪ್ರತಿರೋಧದ ಕಥನವೆಂದು ವೈಭವೀಕರಿಸುವುದು ಸರಿಯಾಗಲಾರದು. ಬೊಪ್ಪೇಗೌಡನಪುರದ ಮಠದ ಒಡೆತನ ಅರಸು ಮನೆತನಕ್ಕೆ ಸೇರಿದೆ. ಚಿಕ್ಕಲ್ಲೂರಿನ ಚಂದ್ರಮಂಡಲಕ್ಕೆ ಜ್ಯೋತಿ ಹಚ್ಚುವವರೂ ಆ ಮನೆತನದ ಗುರುಗಳೇ. ಹಾಡುವವರು ಕೇರಿಯವರು, ಗದ್ದುಗೆಯ ಮೇಲೆ ಕೂರುವವರು ಬೇರೆಯವರು ಎಂಬ ವೈರುಧ್ಯ ಇಲ್ಲಿದೆ. ದೊಡ್ಡಮ್ಮತಾಯಿ, ಚನ್ನಾಜಮ್ಮ, ಕಾರಸವಾಡಿಯ ಮಹದೇವಮ್ಮ ಮುಂತಾದ ಸ್ತ್ರೀಯರು ಕಾವ್ಯದಲ್ಲಿ ಎದ್ದುಕಾಣುತ್ತಾರೆ. ಆದರೆ ತಂಬೂರಿ ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಉಳಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಕೈಮುಗಿದು ಕೇಳಿದ ಊರು ಬೆಳಗಾದ ಮೇಲೆ ಹಾಡುಗಾರನನ್ನು ಮತ್ತೆ ಕೇರಿಗೆ ಕಳುಹಿಸಿದೆ. ಕಥೆಯ ಅಧಿಕಾರ ಕಥೆಯ ಹೊತ್ತಿನವರೆಗೆ ಮಾತ್ರ. ಒಂದು ರಂಗವು ಪ್ರತ್ಯೇಕತೆಯನ್ನು ಆಚರಿಸುವ ಸಮಾಜದಲ್ಲಿ ಶತಮಾನಗಳ ಕಾಲ ಸ್ವತಂತ್ರವಾಗಿ ಉಳಿದುಕೊಂಡಿದೆ ಎಂದಾಗ, ಆ ಸಮಾಜ ಅದನ್ನು ಸಹಿಸಿಕೊಂಡದ್ದು ಏಕೆಂಬ ಪ್ರಶ್ನೆಯನ್ನೂ ಕೇಳಬೇಕು. ಭಕ್ತಿಯ ಚೌಕಟ್ಟು ಆ ಟೀಕೆಗೆ ರಕ್ಷಣೆ ಕೊಟ್ಟಿತು. ಅದೇ ಚೌಕಟ್ಟು ಆ ಟೀಕೆ ಹಗಲಿನ ಬದುಕಿಗೆ ಇಳಿಯದಂತೆ ತಡೆಯಿತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಾವ್ಯ ವಿದ್ವತ್ತಿನ ಗಮನಕ್ಕೆ ಬಂತು. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತ ತಮ್ಮ ಸಂಶೋಧನೆಯಿಂದ ವೃತ್ತಿಗಾಯಕರ ಪರಂಪರೆಗಳಿಗೆ ಅಧ್ಯಯನದ ಘನತೆ ತಂದುಕೊಟ್ಟರು. ವೆಂಕಟೇಶ ಇಂದ್ವಾಡಿಯವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಕಾವ್ಯ ಗ್ರಂಥರೂಪ ಪಡೆಯಿತು. ಮಳವಳ್ಳಿ ಮಹದೇವಸ್ವಾಮಿಯವರಂತಹ ಗಾಯಕರ ಧ್ವನಿಸುರುಳಿಗಳು ಈ ಕಥೆಗಳನ್ನು ಹಳ್ಳಿಯ ಮನೆಗಳಿಗೂ ಚಹಾ ಅಂಗಡಿಗಳಿಗೂ ಮುಟ್ಟಿಸಿದವು. ಎಚ್.ಎಸ್. ಶಿವಪ್ರಕಾಶರು ರಚಿಸಿದ ಮಂಟೇಸ್ವಾಮಿ ಕಥಾಪ್ರಸಂಗವು ಕಥೆಯನ್ನು ಆಧುನಿಕ ರಂಗಭೂಮಿಗೆ ತಂದಿತು. ದಲಿತ, ಬಂಡಾಯ ಚಳುವಳಿಗಳ ನಂತರದ ಪ್ರೇಕ್ಷಕರು ಅದರಲ್ಲಿ ವಚನ ಪರಂಪರೆಯ ಮತ್ತೊಂದು ಮುಖವನ್ನು ಕಂಡರು.

ಈ ಎಲ್ಲ ರೂಪಾಂತರಗಳಿಂದ ಸಿದ್ಧಪ್ಪಾಜಿಯ ಕೀರ್ತಿ ವಿಸ್ತರಿಸಿತು. ಜೊತೆಗೆ ಒಂದು ಅಂಶ ಸಡಿಲವಾಯಿತು. ಪುಸ್ತಕಕ್ಕೆ, ಧ್ವನಿಸುರುಳಿಗೆ, ನಗರದ ರಂಗಮಂದಿರಕ್ಕೆ ಹೊಸ್ತಿಲಿಲ್ಲ. ಟಿಕೇಟು ಪಡೆದು ಒಳಬಂದ ಪ್ರೇಕ್ಷಕ ಹಾಡುಗಾರನನ್ನು ಹೊರಗೆ ನಿಲ್ಲಿಸಿದವನಲ್ಲ. ಆದ್ದರಿಂದ ಹಲಗೂರಿನ ಸಾಲು ಅವನನ್ನು ಮೆಚ್ಚಿಸುತ್ತದೆ, ಪರೀಕ್ಷಿಸುವುದಿಲ್ಲ. ಹಳ್ಳಿಯ ಕೇಳುಗನಿಗಾದರೋ ಹಾಡುತ್ತಿರುವವನ ಕೇರಿ ಗೊತ್ತು, ಬೆಳಿಗ್ಗೆ ಅವನಿಗೆ ನೀರು ಕೊಡುವ ಲೋಟ ಯಾವುದೆಂಬುದೂ ಗೊತ್ತು. ಆ ತಿಳಿವಳಿಕೆಯ ಭಾರ ಇದ್ದಾಗ ಮಾತ್ರ ಕಥೆ ಪೂರ್ಣವಾಗಿ ಕೆಲಸ ಮಾಡುತ್ತದೆ. ನೀಲಗಾರರ ರಂಗವನ್ನು ಅಧ್ಯಯನ ಮಾಡುವವರು ಪಠ್ಯದಷ್ಟೇ ಪ್ರದರ್ಶನದ ಜಾಗವನ್ನೂ, ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನೂ ದಾಖಲಿಸಬೇಕಾದುದು ಇದೇ ಕಾರಣಕ್ಕೆ.

ಒಟ್ಟಿನಲ್ಲಿ ನಿಡುಘಟ್ಟದ ಕೆಂಪಾಚಾರಿ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯಾದ ಬದುಕು ಒಬ್ಬ ಸಂತನ ಪವಾಡಗಳ ಸರಮಾಲೆ ಮಾತ್ರವಲ್ಲ. ತನ್ನ ಮನೆಯ ಬಾಗಿಲಿನಿಂದ ಹೊರಬಂದು, ತನ್ನ ಕುಲದ ಬಾಗಿಲ ಹೊರಗೆ ನಿಂತು, ಕೊನೆಗೆ ಬಾಗಿಲೇ ಇಲ್ಲದ ಬಯಲಿನಲ್ಲಿ ನೆಲೆಗೊಂಡ ಮನುಷ್ಯನೊಬ್ಬನ ದಾರಿ ಅದು. ಆ ದಾರಿಯನ್ನು ನೀಲಗಾರರು ಮಂಡ್ಯ, ಮದ್ದೂರು, ಮಳವಳ್ಳಿಗಳ ಊರುಗಳಲ್ಲಿ ರಾತ್ರಿಗೊಮ್ಮೆ ಮತ್ತೆ ನಡೆದು ತೋರಿಸುತ್ತ ಬಂದಿದ್ದಾರೆ. ಅರಮನೆ ಮತ್ತು ಕಂಪನಿಗಳಿಂದ ಆರಂಭವಾಗುವ ರಂಗಚರಿತ್ರೆ ಈ ದಾರಿಯನ್ನು ಜಾನಪದವೆಂಬ ಬೇರೊಂದು ಕೋಣೆಗೆ ಸೇರಿಸಿ ಬಾಗಿಲು ಹಾಕಿಕೊಂಡಿದೆ. ಆ ಬಾಗಿಲ ಹೊರಗೂ ತಂಬೂರಿ ಹಿಡಿದ ಹಾಡುಗಾರ ನಿಂತೇ ಇದ್ದಾನೆ.